ಬೋಲ್ಟು ಬಿಗಿದರಷ್ಟೇ ಸಾಲದು

ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ಮುಚ್ಚಳದ ಅಂಚಿನಿಂದ ಹಬೆ ಬುಸುಗುಟ್ಟುತ್ತದೆ. ಬೇಳೆ ಬೇಯುವುದಿಲ್ಲ, ಅಷ್ಟೇ. ಕಾರ್ಖಾನೆಯ ಕೊಳವೆಗಳ ಜೋಡಣೆಯಲ್ಲಿರುವುದೂ ಹೆಚ್ಚುಕಡಿಮೆ ಇದೇ ಏರ್ಪಾಡು. ಕೊಳವೆಯ ತುದಿಗೆ ಬಳೆಯಂತೆ ಕೂರಿಸಿದ ಅಗಲವಾದ ಅಂಚಿಗೆ ಫ್ಲೇಂಜ್ ಎಂದು ಹೆಸರು. ಎರಡು ಫ್ಲೇಂಜುಗಳ ನಡುವೆ ಗ್ಯಾಸ್ಕೆಟ್ ಇಟ್ಟು, ಸುತ್ತಲೂ ಬೋಲ್ಟು ಬಿಗಿಯುತ್ತಾರೆ. ಆದರೆ ಅಲ್ಲಿ ಸೋರಿದರೆ ಹೋಗುವುದು ಪ್ರಾಣ.

ಫ್ಲೇಂಜಿನ ಲೋಹ ಎಷ್ಟು ಬಲವನ್ನು ತಾಳಬೇಕಾಗುತ್ತದೆ ಎಂಬುದಕ್ಕೆ 1937ರಲ್ಲಿ ಅಮೆರಿಕದ ವಾಟರ್ಸ್ ಮತ್ತು ಅವರ ಮೂವರು ಸಂಗಡಿಗರು ಸೂತ್ರಗಳನ್ನು ಕೊಟ್ಟರು. ಬಾಯ್ಲರು, ಒತ್ತಡದ ಪಾತ್ರೆಗಳ ನಿಯಮಾವಳಿಗೆ ಅವು ಆಧಾರವಾದವು. ಆದರೆ ಕೊಳವೆ ಸುಮ್ಮನೆ ಮಲಗಿರುವ ವಸ್ತುವಲ್ಲ. ಕಾದಾಗ ಹಿಗ್ಗುತ್ತದೆ, ತನ್ನದೇ ಭಾರಕ್ಕೆ ಬಾಗುತ್ತದೆ. ಬಾಗಿದಾಗ ಫ್ಲೇಂಜಿನ ಒಂದು ಮಗ್ಗುಲು ಅದುಮಿಕೊಂಡರೆ, ಇನ್ನೊಂದು ಮಗ್ಗುಲಿನಲ್ಲಿ ಗ್ಯಾಸ್ಕೆಟ್ಟಿನ ಹಿಡಿತ ಸಡಿಲವಾಗುತ್ತದೆ. ಆದ್ದರಿಂದ ಎಂಜಿನಿಯರುಗಳು ಈ ಎಳೆತ, ಬಾಗುಗಳನ್ನೂ ಒತ್ತಡದ ಲೆಕ್ಕಕ್ಕೆ ಪರಿವರ್ತಿಸಿ, ಒಳಗಿನ ಒತ್ತಡಕ್ಕೆ ಕೂಡಿಸಿ ನೋಡುತ್ತಾರೆ.

ಇಂಥ ಲೆಕ್ಕವನ್ನು ಬಿಟ್ಟರೆ ಏನಾಗುತ್ತದೆ? ಇಂಗ್ಲೆಂಡಿನ ಟ್ರೆಂಟ್ ನದಿಯ ಬಳಿಯ ಫ್ಲಿಕ್ಸ್‌ಬರೋ ಇದಕ್ಕೆ ಸಾಕ್ಷಿ. ನೈಲಾನಿನ ಕಚ್ಚಾವಸ್ತು ತಯಾರಿಸುತ್ತಿದ್ದ ಅಲ್ಲಿನ ಕಾರ್ಖಾನೆಯಲ್ಲಿ ಆರು ದೊಡ್ಡ ಪಾತ್ರೆಗಳು ಸಾಲಾಗಿದ್ದವು. ಬಿಸಿ ಸೈಕ್ಲೋಹೆಕ್ಸೇನ್ ಒಂದರಿಂದ ಇನ್ನೊಂದಕ್ಕೆ ಹರಿಯುತ್ತಿತ್ತು. 1974ರ ಮಾರ್ಚ್‌ನಲ್ಲಿ ಐದನೆಯ ಪಾತ್ರೆ ಸೀಳುಬಿಟ್ಟಿತು. ಅದನ್ನು ತೆಗೆದು, ನಾಲ್ಕು ಮತ್ತು ಆರನ್ನು 20 ಅಂಗುಲದ ಕೊಳವೆಯಿಂದ ಜೋಡಿಸಿದರು. ನಾಲ್ಕು ಎತ್ತರದಲ್ಲಿ, ಆರು ತಗ್ಗಿನಲ್ಲಿ ಇದ್ದುದರಿಂದ ಕೊಳವೆಗೆ ಎರಡು ಕಡೆ ಮುರಿವು ಕೊಡಬೇಕಾಯಿತು. ಅದರ ನಕ್ಷೆ ಬರೆದದ್ದು ಕಾಗದದ ಮೇಲಲ್ಲ, ವರ್ಕ್‌ಶಾಪಿನ ನೆಲದ ಮೇಲೆ, ಸೀಮೆಸುಣ್ಣದಲ್ಲಿ! ಅದಕ್ಕೆ ಆಧಾರವಾಗಿ ನಿಂತದ್ದು ಕಟ್ಟಡದ ಕೆಲಸಕ್ಕೆ ಬಳಸುವಂಥ ಸಾರುವೆ.

ಕೊಳವೆಯ ಎರಡು ತುದಿಗಳಲ್ಲೂ ಹಿಗ್ಗಿ ಕುಗ್ಗಬಲ್ಲ, ಹಾರ್ಮೋನಿಯಂ ತಿದಿಯಂಥ ಲೋಹದ ಬೆಲ್ಲೋಸ್ ಇದ್ದವು. ಒಳಗಿನ ಒತ್ತಡ ಪ್ರತಿ ಬೆಲ್ಲೋಸಿನ ಮೇಲೂ 30 ಟನ್ನಿಗಿಂತ ಹೆಚ್ಚಿನ ಬಲ ಹೇರುತ್ತಿತ್ತು. ತುದಿಗಳು ಒಂದೇ ಮಟ್ಟದಲ್ಲಿ ಇರದ ಕಾರಣ ಆ ಬಲ ಕೊಳವೆಯನ್ನು ತಿರುಚಲು ಹವಣಿಸುತ್ತಿತ್ತು. ಇದನ್ನು ಯಾರೂ ಲೆಕ್ಕ ಹಾಕಿರಲಿಲ್ಲ. ಲೆಕ್ಕ ಹಾಕಬಲ್ಲ ಮುಖ್ಯ ಮೆಕ್ಯಾನಿಕಲ್ ಎಂಜಿನಿಯರ ಹುದ್ದೆಯೇ ಖಾಲಿಯಿತ್ತು.

1974ರ ಜೂನ್ 1, ಶನಿವಾರ ಸಂಜೆ 5ಕ್ಕೆ ಕೆಲವೇ ನಿಮಿಷಗಳ ಮೊದಲು ಆ ಜೋಡಣೆ ಕಳಚಿತು. ಆವಿ ಮೋಡದಂತೆ ಹರಡಿ ಸಿಡಿಯಿತು. 28 ಮಂದಿ ಸತ್ತರು. ಅವರಲ್ಲಿ 18 ಮಂದಿ ಕಂಟ್ರೋಲ್ ರೂಮಿನಲ್ಲಿದ್ದವರು. ವಾರದ ಕೆಲಸದ ದಿನವಾಗಿದ್ದರೆ ಸಾವಿನ ಸಂಖ್ಯೆ ಇನ್ನೆಷ್ಟೋ ಪಾಲು ಏರುತ್ತಿತ್ತು.

ವಿಚಾರಣೆಯಲ್ಲಿ ಇನ್ನೊಂದು ವಾದವೂ ಎದ್ದಿತು: ಸಮೀಪದ 8 ಅಂಗುಲದ ಕೊಳವೆಯೊಂದರ ಫ್ಲೇಂಜಿನಲ್ಲಿ ಬೋಲ್ಟು ಸಡಿಲವಾಗಿ, ಸೋರಿಕೆಯಿಂದ ಬೆಂಕಿ ಹೊತ್ತಿ, ಆ ಕೊಳವೆಯೇ ಮೊದಲು ಒಡೆಯಿತು ಎಂದು. ತನಿಖಾ ನ್ಯಾಯಾಲಯ 1975ರ ವರದಿಯಲ್ಲಿ ಅದನ್ನು ಒಪ್ಪಲಿಲ್ಲ. ತಾತ್ಕಾಲಿಕ ಕೊಳವೆಯತ್ತಲೇ ಬೊಟ್ಟು ಮಾಡಿತು. ಆದರೂ ಎಂಜಿನಿಯರುಗಳ ನಡುವೆ ಚರ್ಚೆ ಬಹುಕಾಲ ನಡೆಯಿತು.

ಆ ಕೊಳವೆಯನ್ನು ಕೂರಿಸಿದವರು ಸೋರಿಕೆಯಿದೆಯೇ ಎಂದು ಪರೀಕ್ಷಿಸದೆ ಬಿಟ್ಟಿರಲಿಲ್ಲ. ಅಂದು ಸೋರಲಿಲ್ಲ ಎಂಬುದಷ್ಟೇ ಅವರಿಗೆ ಸಿಕ್ಕ ಉತ್ತರ. ಮುಂದೆಯೂ ತಡೆದೀತೇ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಲೆಕ್ಕ. ಅದನ್ನು ಕೇಳಿದವರೇ ಇರಲಿಲ್ಲ.