ಸೀಟಿನಡಿಯ ಮೂರು ಸಿಲಿಂಡರ್

ನಮ್ಮ ಕುಂಭಾಶಿ, ಕೋಟೇಶ್ವರ, ಕುಂದಾಪುರ ಬದಿಯಲ್ಲಿ ಒಂದು ಕಾಲಕ್ಕೆ ಬಾಡಿಗೆ ಕಾರು ಅಂದ್ರೆ ಓಮ್ನಿ. ಆನೆಗುಡ್ಡೆಯ ಪೂಜೆಗೂ ಅದೇ, ಮದುವೆ ದಿಬ್ಬಣಕ್ಕೂ ಅದೇ, ರಾತ್ರಿ ಆಸ್ಪತ್ರೆಗೆ ಓಡುವುದಕ್ಕೂ ಅದೇ. ಎಷ್ಟು ಜನ ಹಿಡಿಯುತ್ತಾರೆ ಅಂತ ಕೇಳಬೇಡಿ, ಹತ್ತಿದಷ್ಟು ಜನ! ಇಷ್ಟನ್ನೂ ಎಳೆಯುತ್ತಿದ್ದ ಇಂಜಿನ್ ಮಾತ್ರ ಬರೇ 796 ಸಿಸಿ.

ಅದರ ಹೆಸರು ಎಫ್8ಬಿ. ಹುಟ್ಟಿದ್ದು ಜಪಾನಿನಲ್ಲಿ. ಅಲ್ಲಿ ಆಗ ಸಣ್ಣ ಕಾರುಗಳ ವಿಶೇಷ ವರ್ಗಕ್ಕೆ 550 ಸಿಸಿಯ ಮಿತಿ ಇತ್ತು. ಸುಝುಕಿಯ 543 ಸಿಸಿ ಇಂಜಿನ್ ಆ ಲೆಕ್ಕಕ್ಕೆ ಸರಿಯಾಗಿ ಮಾಡಿದ್ದು. ಅದೇ ಕುಟುಂಬದ 796 ಸಿಸಿ ಇಂಜಿನ್ ಹೊರದೇಶಕ್ಕೆ ಹೋಗುವ ಕಾರುಗಳಿಗೆ. ಮೂರು ಸಿಲಿಂಡರ್, 68.5 ಮಿ.ಮೀ. ಬೋರ್, 72 ಮಿ.ಮೀ. ಸ್ಟ್ರೋಕ್. 1982ರಲ್ಲಿ ಮಾರುತಿ ಉದ್ಯೋಗ್ ಸುಝುಕಿ ಜೊತೆ ಒಪ್ಪಂದ ಮಾಡಿಕೊಂಡಿತು. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀಲಿಕೈ ಗಿರಾಕಿಗೆ ಸಿಕ್ಕಿತು. ಮರುವರ್ಷ ಅದೇ ಇಂಜಿನ್ನಿನ ವ್ಯಾನ್ ಬಂತು. ಓಮ್ನಿ ಎಂಬ ಹೆಸರು ಆಮೇಲಿನದು. 1489 ಸಿಸಿಯ ಅಂಬಾಸಿಡರ್, 1089 ಸಿಸಿಯ ಪದ್ಮಿನಿ ನೋಡಿದವರಿಗೆ ಇದು ಆಟಿಕೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ವ್ಯಾನಿನಲ್ಲಿ ಇಂಜಿನ್ ಇದ್ದದ್ದು ಮುಂದಿನ ಸೀಟಿನ ಅಡಿಯಲ್ಲಿ. ಡ್ರೈವರಿಗೆ ಕೆಳಗಿನಿಂದ ಬಿಸಿ, ನಿಜ. ಆದರೆ ಸೀಟು ಎತ್ತಿದರೆ ಇಂಜಿನ್ ಕಣ್ಣೆದುರೇ. ಅದರ ಕಾಯಿಲೆಗಳೂ ಹಾಗೇ, ಹೇಳಿಕೊಂಡೇ ಬರುತ್ತಿದ್ದವು. ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪಿಗೆ ತೇವ ಹಿಡಿದರೆ ಮಿಸ್ಸಿಂಗ್. ಇರುವ ಮೂರರಲ್ಲಿ ಒಂದು ಸುಮ್ಮನಾದರೆ ಏರು ಹತ್ತುವುದು ಹೇಗೆ? ಕ್ಯಾಪ್ ಬಿಚ್ಚಿ ಒಣ ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಹೊರಟಿತು. ಕಾರ್ಬ್ಯುರೇಟರಿನ ಜೆಟ್ಟಿಗೆ ಕಸ ಕೂತರೆ ಗಾಡಿ ನಿಲ್ಲಿಸಿದಲ್ಲೇ ಇಂಜಿನ್ ಆಫ್. ರೇಡಿಯೇಟರ್ ನೀರು ಸೋರಿದ್ದನ್ನು ನೋಡದೆ ಓಡಿಸಿದರೆ ಅಲ್ಯುಮಿನಿಯಂ ಹೆಡ್ಡು ಬಿಸಿಗೆ ಬಾಗಿ ಗ್ಯಾಸ್ಕೆಟ್ ಹೋಗುತ್ತದೆ. ಆಯಿಲ್ ಹಾಲು ಹಾಕಿದ ಚಾ ಆಯಿತೆಂದರೆ ದೊಡ್ಡ ಖರ್ಚು ಬಂತೆಂದೇ ಲೆಕ್ಕ. ಹೇಳದೆ ಕೈಕೊಡುತ್ತಿದ್ದದ್ದು ಟೈಮಿಂಗ್ ಬೆಲ್ಟ್ ಒಂದೇ.

ಹಾಗಾಗಿ ಶಬ್ದ ಕೇಳಿಯೇ ರೋಗ ಹೇಳುವ ಮೆಕ್ಯಾನಿಕ್ಕುಗಳು ಊರೂರಲ್ಲಿ ತಯಾರಾದರು. ಅವರಿಗೆ ಕಲಿಸಿದ್ದು ಯಾವ ಕಾಲೇಜೂ ಅಲ್ಲ, ಈ ಇಂಜಿನ್ನೇ.

ಆಮೇಲೆ ಹೊಗೆಯ ನಿಯಮ ಬಿಗಿಯಾಯಿತು. ಕಾರ್ಬ್ಯುರೇಟರ್ ಹೋಗಿ ಎಂಪಿಎಫ್‌ಐ ಬಂತು, ಜೊತೆಗೆ ಸೆನ್ಸರ್, ಇಸಿಯು. ಸ್ಟಾರ್ಟಿಂಗ್ ಸುಲಭವಾಯಿತು, ಹೊಗೆ ಕಡಿಮೆಯಾಯಿತು. ಆದರೆ ರೋಗ ಪೆಟ್ಟಿಗೆಯೊಳಗೆ ಅಡಗಿತು. ಕೋಡ್ ಬರೆದು ಬದುಕುವ ನನಗೇ ಆ ಪೆಟ್ಟಿಗೆಯ ಕೋಡ್ ಕಾಣುವುದಿಲ್ಲ, ಇನ್ನು ಸ್ಪ್ಯಾನರ್ ಹಿಡಿದವರು ಎಂತ ಮಾಡುವುದು ಮಾರಾಯ್ರೆ?

2010ರ ಏಪ್ರಿಲಿನಲ್ಲಿ ಬೆಂಗಳೂರೂ ಸೇರಿ 13 ನಗರಗಳಲ್ಲಿ ಮಾರುತಿ 800 ಮಾರಾಟ ನಿಂತಿತು, 2014ರಲ್ಲಿ ತಯಾರಿಕೆಯೇ ನಿಂತಿತು. ಓಮ್ನಿ 2019ರವರೆಗೆ ಬಂತು. ಕೊನೆಗೆ ಅಪಘಾತ ಸುರಕ್ಷತೆಯ ನಿಯಮ ಅದನ್ನು ತಡೆಯಿತು. ಅದೂ ನ್ಯಾಯವೇ. ಮೂತಿಯೇ ಇಲ್ಲದ ಗಾಡಿಯಲ್ಲಿ ಮೊದಲ ಪೆಟ್ಟು ಕೂತವರ ಮೊಣಕಾಲಿಗೆ.

ಹೊಸ ಕಾರು ಒಳ್ಳೆಯದೇ. ಆದರೆ ಕೆಟ್ಟದ್ದನ್ನು ಊರಲ್ಲೇ ಸರಿಮಾಡಿಕೊಳ್ಳುವ ಸ್ವಾತಂತ್ರ್ಯ ಅದರ ಜೊತೆ ಬರಲಿಲ್ಲ. ನಿಮ್ಮನೆ ಅಂಗಳದಲ್ಲಿ ಇನ್ನೂ ಓಮ್ನಿ ಇದ್ದರೆ, ಮಳೆಗೆ ಮುಂಚೆ ನೀರು, ಕ್ಯಾಪ್, ಬೆಲ್ಟ್ ಮೂರನ್ನೂ ಒಮ್ಮೆ ನೋಡಿಸಿಬಿಡಿ. ನೋಡಬಲ್ಲವರು ಇರುವಾಗಲೇ.