ಒಂದೇ ತಂತಿ, ಸಾವಿರ ಕಾಗದ

ಹಳ್ಳಿ ಮನೆಗಳಲ್ಲಿ ಕಾಗದ ಚುಚ್ಚಿಡೋ ತಂತಿ ಅಂತ ಒಂದು ಇರ್ತಿತ್ತು, ನಿಮ್ಮಲ್ಲಿ ಕೆಲವರಾದರೂ ನೋಡಿರ್ತೀರಿ. ಕೆಳಗೆ ಒಂದು ಮರದ ಬಿಲ್ಲೆ, ಮೇಲೆ ಒಂದು ಕೊಕ್ಕೆ. ಇನ್‌ಲ್ಯಾಂಡ್ ಲೆಟರ್, ಕರೆಂಟ್ ಬಿಲ್ಲು, ಕಂದಾಯದ ರಸೀದಿ, ಮದುವೆ ಕರೆಯೋಲೆ, ಎಲ್ಲವನ್ನೂ ಬಂದ ಕ್ರಮದಲ್ಲೇ ಅದಕ್ಕೆ ಚುಚ್ಚೋದು. ಸೇರಿಸೋದು ಬಲು ಸುಲಭ. ಆದರೆ ಮಧ್ಯದಿಂದ ಒಂದು ರಸೀದಿ ಬೇಕು ಅಂದ್ರೆ ಅದರ ಮೇಲಿನದ್ದೆಲ್ಲ ತೆಗೀಬೇಕು. ಇಬ್ಬರು ಒಟ್ಟಿಗೆ ಕೈಹಾಕಿದ್ರೆ ಯಾವುದೋ ಒಂದು ಹರಿಯೋದು ಖಾತ್ರಿ.

ಯುನಿಕ್ಸ್ ಸರ್ವರ್‌ಗಳಲ್ಲಿ ಇಮೇಲ್‌ನ ಮೊದಲ ಎರಡೂವರೆ ದಶಕ ಬಹುಪಾಲು ಇಂಥ ತಂತಿಯ ಮೇಲೇ ನಡೀತು.

1971ರಲ್ಲಿ ಅಮೆರಿಕದ ಕೇಂಬ್ರಿಡ್ಜ್‌ನಲ್ಲಿ ರೇ ಟಾಮ್ಲಿನ್ಸನ್ ಒಂದು ಕಂಪ್ಯೂಟರಿನಿಂದ ಪಕ್ಕದ ಕಂಪ್ಯೂಟರಿಗೆ ನೆಟ್‌ವರ್ಕ್ ಮೂಲಕ ಪತ್ರ ಕಳಿಸಿದರು. ಅದೇ ವರ್ಷ ನವೆಂಬರ್‌ನಲ್ಲಿ ಬೆಲ್ ಲ್ಯಾಬ್ಸ್‌ನವರು ಸಿದ್ಧಪಡಿಸಿದ ಯುನಿಕ್ಸ್‌ನ ಮೊದಲ ಕೈಪಿಡಿಯಲ್ಲೂ ಮೇಲ್ ಅನ್ನೋ ಆಜ್ಞೆ ಇತ್ತು. ಪತ್ರಗಳನ್ನು ಇಡೋದಕ್ಕೆ ಅವರು ಕಂಡುಕೊಂಡ ದಾರಿ ಅತಿ ಸರಳ: ಒಬ್ಬ ಬಳಕೆದಾರನಿಗೆ ಒಂದು ಫೈಲ್, ಬಂದ ಪತ್ರವೆಲ್ಲ ಅದರೊಳಗೆ. ಇದೇ ಬೆಳೆದು ಎಂಬಾಕ್ಸ್ ಅನ್ನೋ ಹೆಸರು ಪಡೀತು.

ಒಂದು ಪತ್ರ ಎಲ್ಲಿ ಮುಗೀತು, ಇನ್ನೊಂದು ಎಲ್ಲಿ ಶುರುವಾಯ್ತು ಅಂತ ಗೊತ್ತಾಗೋದು ಹೇಗೆ? ಪ್ರತಿ ಪತ್ರದ ತಲೆಯ ಮೇಲೆ 'ಫ್ರಮ್' ಅಂತ ಶುರುವಾಗೋ ಒಂದು ಸಾಲು ಹಾಕ್ತಿದ್ರು. ಸರಿ, ಪತ್ರ ಬರೆದವನೇ ಒಳಗಿನ ಒಂದು ಸಾಲನ್ನು 'ಫ್ರಮ್' ಅಂತ ಶುರು ಮಾಡಿದ್ರೆ? ಪ್ರೋಗ್ರಾಂ ಅದನ್ನೂ ಹೊಸ ಪತ್ರ ಅಂದುಕೊಳ್ಳುತ್ತೆ. ಅದಕ್ಕೆ ಆ ಪದದ ಹಿಂದೆ ಬಾಣದ ಮೊನೆಯಂಥ ಒಂದು ಚಿಹ್ನೆ ತಾನಾಗೇ ಸೇರಿಸೋ ಪದ್ಧತಿ ಬಂತು. ಹಳೆಯ ಇಂಗ್ಲಿಷ್ ಇಮೇಲ್‌ಗಳಲ್ಲಿ ವಾಕ್ಯದ ಮುಂದೆ ಕಾರಣವಿಲ್ಲದೆ ಒಂದು ಮೊನೆ ಕಂಡರೆ, ಅದು ಬಹುಶಃ ಈ ತಂತಿ ಚುಚ್ಚಿದ ತೂತು. ಅಂದ್ರೆ, ಇಡೋ ಜಾಗದ ಅನುಕೂಲಕ್ಕೆ ಬರೆದವನ ಮಾತನ್ನೇ ತಿದ್ದಿದ್ರು.

ದೊಡ್ಡ ತೊಂದರೆ ಬೇರೆ ಇತ್ತು. ಹೊಸ ಪತ್ರ ಬಂದು ಕೊನೆಗೆ ಸೇರ್ತಿರುವಾಗಲೇ ನೀವು ಹಳೇದನ್ನು ಅಳಿಸಿದ್ರೆ? ಫೈಲ್ ಕೆಡುತ್ತೆ. ಅದಕ್ಕೇ ಬೀಗ ಬೇಕು, ಒಬ್ಬರು ಕೆಲಸ ಮುಗಿಸೋವರೆಗೆ ಇನ್ನೊಬ್ಬರು ಕಾಯಬೇಕು. ಬೀಗ ಹಾಕೋ ವಿಧಾನಗಳೇ ಮೂರ್ನಾಲ್ಕು. ಒಂದು ಪ್ರೋಗ್ರಾಂ ಒಂದು ವಿಧಾನ ಅನುಸರಿಸಿ, ಇನ್ನೊಂದು ಪ್ರೋಗ್ರಾಂ ಬೇರೆ ಅನುಸರಿಸಿದ್ರೆ ಬೀಗ ಇದ್ದೂ ಇಲ್ಲದ ಹಾಗೆ. 1980ರ ದಶಕದಲ್ಲಿ ಸನ್ ಕಂಪನಿಯ ಎನ್‌ಎಫ್‌ಎಸ್ ಬಂದು, ಹಲವು ಕಂಪ್ಯೂಟರ್‌ಗಳು ಒಂದೇ ಡಿಸ್ಕನ್ನು ನೆಟ್‌ವರ್ಕ್ ಮೂಲಕ ಹಂಚಿಕೊಳ್ಳೋಕೆ ಶುರು ಮಾಡಿದ ಮೇಲಂತೂ ಈ ಬೀಗಗಳನ್ನು ನಂಬೋ ಹಾಗೇ ಇರಲಿಲ್ಲ.

ಆಗ ಬಂದವರು ಡೇನಿಯಲ್ ಬರ್ನ್‌ಸ್ಟೈನ್, ಷಿಕಾಗೋದ ಗಣಿತದ ಪ್ರೊಫೆಸರ್. ಅವರು ಬರೆದ ಮೇಲ್ ಸರ್ವರ್ ಕ್ಯೂಮೇಲ್‌ನ 1.0 ಆವೃತ್ತಿ 1997ರಲ್ಲಿ ಹೊರಬಂತು. ಅದರ ಜೊತೆ ಜನ ಕಲಿತ ಹೊಸ ಪದ್ಧತಿ ಮೇಲ್‌ಡಿರ್. ಬೀಗ ಹೇಗೆ ಹಾಕೋದು ಅನ್ನೋ ಜಗಳಕ್ಕೆ ಅವರ ಉತ್ತರ, ಬೀಗವೇ ಬೇಡ.

ಪ್ರತಿ ಪತ್ರಕ್ಕೂ ಒಂದು ಪ್ರತ್ಯೇಕ ಫೈಲ್. ಫೋಲ್ಡರ್‌ಗಳು ಮೂರು: ಟೆಂಪ್, ನ್ಯೂ, ಕರ್. ಪತ್ರ ಪೂರ್ತಿ ಬರೆದಾಗೋವರೆಗೂ ಟೆಂಪ್‌ನಲ್ಲಿರುತ್ತೆ, ಆಮೇಲೆ ಒಂದೇ ಏಟಿಗೆ ನ್ಯೂಗೆ ಬರುತ್ತೆ. ನಡುವೆ ಕರೆಂಟ್ ಹೋದ್ರೂ ಅರ್ಧ ಬರೆದ ಪತ್ರ ನಿಮ್ಮ ಕಣ್ಣಿಗೆ ಬೀಳಲ್ಲ. ನಿಮ್ಮ ಮೇಲ್ ಪ್ರೋಗ್ರಾಂ ಅದನ್ನು ಗಮನಿಸಿದ ಮೇಲೆ ಕರ್ ಒಳಗೆ ಹೋಗುತ್ತೆ. ಫೈಲಿನ ಹೆಸರಲ್ಲೇ ಸಮಯ, ಪ್ರೋಗ್ರಾಂ ಸಂಖ್ಯೆ, ಯಂತ್ರದ ಹೆಸರು ಇರೋದ್ರಿಂದ ಎರಡು ಪತ್ರ ಡಿಕ್ಕಿ ಹೊಡೆಯಲ್ಲ. ಓದಿದ್ರೆ ಹೆಸರಿನ ಕೊನೆಗೆ ಎಸ್ ಅಕ್ಷರ, ಉತ್ತರ ಕೊಟ್ಟರೆ ಆರ್. ಪತ್ರದೊಳಗಿನ ಒಂದಕ್ಷರವನ್ನೂ ಮುಟ್ಟೋ ಅಗತ್ಯವಿಲ್ಲ.

ಒಂದೊಂದು ಪತ್ರಕ್ಕೆ ಒಂದೊಂದು ಫೈಲ್ ಅನ್ನೋ ಯೋಚನೆ ಹೊಸದೇನಲ್ಲ. 1979ರ ಹೊತ್ತಿಗೇ ರ‍್ಯಾಂಡ್ ಸಂಸ್ಥೆಯ ಎಂಎಚ್ ಅದನ್ನು ಮಾಡಿತ್ತು. ಬರ್ನ್‌ಸ್ಟೈನ್ ಸೇರಿಸಿದ್ದು, ಯಾರೂ ಯಾರಿಗೂ ಕಾಯದೆ ಕೆಲಸ ಮಾಡೋ ಶಿಸ್ತನ್ನು.

ಎಲ್ಲರೂ ಒಪ್ಪಲಿಲ್ಲ. 1986ರಲ್ಲಿ ಐಮ್ಯಾಪ್ ರೂಪಿಸಿದ ಮಾರ್ಕ್ ಕ್ರಿಸ್ಪಿನ್ ಮೇಲ್‌ಡಿರ್‌ನ ಕಡು ಟೀಕಾಕಾರ. ಆದರೆ ತಮಾಷೆ ನೋಡಿ, ಮೇಲ್‌ಡಿರ್ ಕಡೆಗೆ ಜನರನ್ನು ತಳ್ಳಿದ್ದರಲ್ಲಿ ಅವರ ಐಮ್ಯಾಪ್‌ನದ್ದೂ ಪಾಲಿದೆ. ಪಾಪ್ ಕಾಲದಲ್ಲಿ ಪತ್ರ ನಿಮ್ಮ ಪಿಸಿಗೆ ಇಳಿದು ಸರ್ವರ್ ಖಾಲಿಯಾಗ್ತಿತ್ತು. ಐಮ್ಯಾಪ್‌ನಲ್ಲಿ ಎಲ್ಲಾ ಸರ್ವರಿನಲ್ಲೇ ಉಳಿಯುತ್ತೆ. ಬೆಂಗಳೂರಲ್ಲಿ ಬೆಳೆದ ಸಬೀರ್ ಭಾಟಿಯಾ ಅವರು ಜಾಕ್ ಸ್ಮಿತ್ ಜೊತೆ 1996ರಲ್ಲಿ ಶುರುಮಾಡಿದ ಹಾಟ್‌ಮೇಲ್‌ನಲ್ಲಿ ಆ ಕಾಲಕ್ಕೆ 2 ಎಂಬಿ ಜಾಗವೇ ದೊಡ್ಡದು. 2004ರ ಏಪ್ರಿಲ್ 1ರಂದು ಜಿಮೇಲ್ 1 ಜಿಬಿ ಕೊಟ್ಟಾಗ ಕೆಲವರು ಏಪ್ರಿಲ್ ಫೂಲ್ ಅಂದುಕೊಂಡ್ರು. ಅಲ್ಲಿಂದಾಚೆ ಯಾರೂ ಮೇಲ್ ಅಳಿಸೋ ಕಷ್ಟ ತಗೊಳ್ಳಲಿಲ್ಲ. ಜಾಗ ಬಾಡಿಗೆಗೆ ಕೊಡೋ ಹೋಸ್ಟಿಂಗ್ ಕಂಪನಿಗಳಲ್ಲೂ ಒಬ್ಬೊಬ್ಬರ ಎಂಬಾಕ್ಸ್ ಊದಿಕೊಂಡಿತು. ಒಂದು ಪುಟ್ಟ ಪತ್ರ ಸೇರಿದ್ರೂ ಫೈಲ್ ಬದಲಾದ್ದರಿಂದ ಬ್ಯಾಕಪ್‌ನವರು ಇಡೀ ಫೈಲನ್ನೇ ಮತ್ತೆ ನಕಲು ಮಾಡಬೇಕು. ಹಾಗಾಗಿ ಒಂದೊಂದೇ ಸರ್ವರ್ ಮೇಲ್‌ಡಿರ್‌ಗೆ ಬದಲಾಯ್ತು.

ಬದಲಾಯಿಸೋದು ಅಂದ್ರೆ ಮನೆ ಖಾಲಿ ಮಾಡಿದ ಹಾಗೆ. ದೊಡ್ಡ ಸಾಮಾನು ಕಳೆಯಲ್ಲ, ಸಣ್ಣಪುಟ್ಟದ್ದು ಕಳೆಯುತ್ತೆ. ಮೇಲ್‌ಡಿರ್‌ನಲ್ಲಿ ಪತ್ರ ತಲುಪಿದ ಹೊತ್ತು ಸಾಮಾನ್ಯವಾಗಿ ಫೈಲಿನ ಸಮಯದಲ್ಲೇ ಇರುತ್ತೆ. ಅದನ್ನು ಕಾಪಾಡದೆ ಪರಿವರ್ತಿಸಿದ್ರೆ ಹತ್ತು ವರ್ಷದ ಪತ್ರವೆಲ್ಲ ನಿನ್ನೆ ರಾತ್ರಿ ತಲುಪಿದಂತೆ ಕಾಣುತ್ತೆ. ಆಫೀಸಿಗೆ ನೋಟಿಸ್ ಯಾವತ್ತು ತಲುಪಿತು ಅಂತ ತೋರಿಸಬೇಕಾದವನಿಗೆ ಇದು ಸಣ್ಣ ವಿಷಯ ಅಲ್ಲ. ಪ್ರತಿ ಪತ್ರದ ಗುರುತಿನ ಸಂಖ್ಯೆ ಬದಲಾದ್ರೆ ಫೋನು, ಲ್ಯಾಪ್‌ಟಾಪ್ ಎಲ್ಲಾ ಹೊಸ ಪತ್ರ ಅಂದುಕೊಂಡು ಮತ್ತೆ ಇಳಿಸಿಕೊಳ್ತವೆ. ಅದಕ್ಕೇ ಬಲ್ಲವರು ಜನ ಕೆಲಸ ಮಾಡ್ತಿರುವಾಗಲೇ ಒಂದು ಸಲ ನಕಲು ಮಾಡಿ, ಕೊನೆಗೆ ಸ್ವಲ್ಪ ಹೊತ್ತು ಬಾಗಿಲು ಹಾಕಿ ಉಳಿದಿದ್ದನ್ನು ಮಾತ್ರ ಸಾಗಿಸ್ತಾರೆ. ಹಳೇ ಫೈಲನ್ನು ತಕ್ಷಣ ಅಳಿಸಲ್ಲ.

ಮೇಲ್‌ಡಿರ್‌ಗೂ ಬೇರೆ ಕಾಯಿಲೆಗಳಿದ್ವು. ಲಕ್ಷ ಪತ್ರ ಅಂದ್ರೆ ಲಕ್ಷ ಫೈಲ್. ಎಷ್ಟು ಫೈಲ್ ಇಡಬಹುದು ಅಂತ ಮಿತಿ ಹಾಕೋ ಹೋಸ್ಟಿಂಗ್‌ನಲ್ಲಿ, ಜಾಗ ಇನ್ನೂ ಇರುವಾಗಲೇ ಆ ಲೆಕ್ಕ ಮುಗಿದುಹೋಗಬಹುದು. ಬೀಗ ಬೇಡ ಅನ್ನೋದೂ ಪೂರ್ತಿ ನಿಲ್ಲಲಿಲ್ಲ. ಫೋಲ್ಡರ್ ಓದ್ತಿರುವಾಗಲೇ ಯಾರಾದ್ರೂ ಹೆಸರು ಬದಲಿಸಿದ್ರೆ ಒಂದು ಫೈಲ್ ಕ್ಷಣಕಾಲ ಕಣ್ಣಿಗೆ ತಪ್ಪಬಹುದು. ಹಾಗಾಗಿ ಫಿನ್ಲೆಂಡಿನ ಟಿಮೋ ಸಿರೈನೆನ್ 2002ರಲ್ಲಿ ಬಿಡುಗಡೆ ಮಾಡಿದ ಡವ್‌ಕಾಟ್, ಮೇಲ್‌ಡಿರ್ ಜೊತೆ ತನ್ನದೊಂದು ಪಟ್ಟಿ ಇಟ್ಟು ಅದಕ್ಕೆ ಬೀಗ ಹಾಕಿತು. ಮುಂದೆ ಅದೇ ಡವ್‌ಕಾಟ್ ಎಂಡಿಬಾಕ್ಸ್ ತಂತು. ಒಂದು ಫೈಲಿನಲ್ಲಿ ಹಲವು ಪತ್ರ, ಜೊತೆಗೊಂದು ಸೂಚಿ. ವೇಗ ಚೆನ್ನಾಗಿದೆ, ಆದರೆ ಆ ಸೂಚಿ ಕಳೆದರೆ ಯಾವುದು ಓದಿದ್ದು ಅನ್ನೋ ಗುರುತೂ ಅದರ ಜೊತೆಗೇ ಹೋಗುತ್ತೆ.

ಇಷ್ಟೆಲ್ಲ ಆದ್ಮೇಲೂ, ಇವತ್ತು ಗೂಗಲ್ ಟೇಕ್‌ಔಟ್‌ಗೆ ಹೋಗಿ ನಿಮ್ಮ ಜಿಮೇಲ್ ಪತ್ರಗಳನ್ನೆಲ್ಲ ಕೊಡಿ ಅಂತ ಕೇಳಿ ನೋಡಿ. ಅದು ಕೊಡೋದು ಎಂಬಾಕ್ಸ್! ಒಳಗೆ ಅವರು ಹೇಗೇ ಇಟ್ಟಿರಲಿ, ಹೊರಗೆ ಕೊಡುವಾಗ 1970ರ ದಶಕದ ರೂಪವೇ. ದಿನದಿನದ ಕೆಲಸಕ್ಕೆ ಸೋತ ಆ ಫೈಲನ್ನು ಯಾವ ಕಂಪನಿಯ ಅನುಮತಿಯೂ ಇಲ್ಲದೆ, ಒಂದು ಸಾದಾ ಎಡಿಟರಿನಲ್ಲಿ ತೆಗೆದು ನೋಡಬಹುದು.

ನಮ್ಮ ತಲೆಮಾರಿನವರ ಆಫರ್ ಲೆಟರ್, ಮನೆ ಕರಾರು, ಮೊದಲ ಸಂಬಳದ ಚೀಟಿ, ಎಲ್ಲಾ ಯಾರದೋ ಬಾಡಿಗೆ ಸರ್ವರಿನಲ್ಲಿವೆ. ಅವರು ಮುಂದಿನ ಸಲ ಪದ್ಧತಿ ಬದಲಿಸಿದಾಗ ನಮಗೊಂದು ಸಾಲಿನ ನೋಟಿಸ್ ಬರುತ್ತೆ, ನಾವದನ್ನು ಓದದೆ ಪಕ್ಕಕ್ಕೆ ಸರಿಸ್ತೀವಿ. ಅದಕ್ಕಿಂತ ಮುಂಚೆ ವರ್ಷಕ್ಕೊಂದು ಸಲ ನಿಮ್ಮ ಪತ್ರಗಳದ್ದೊಂದು ಪ್ರತಿ ಇಳಿಸಿಕೊಂಡು ನಿಮ್ಮದೇ ಡಿಸ್ಕಿನಲ್ಲಿ ಇಟ್ಟುಕೊಳ್ಳಿ. ಒಂದು ಭಾನುವಾರ ಬೆಳಗ್ಗೆ ಕಾಫಿ ಮುಗಿಸೋ ಹೊತ್ತಿಗೆ ಕೋರಿಕೆ ಹಾಕಿ ಆಗಿರುತ್ತೆ.