ಪ್ರೌಢಪ್ರಬಂಧಗಳೂ ನಮ್ಮ ಮೂರು ತಾಲ್ಲೂಕುಗಳೂ

ವಿಶ್ವವಿದ್ಯಾನಿಲಯದ ಪದವಿಗಾಗಿ ವರ್ಷಗಟ್ಟಲೆ ಸಂಶೋಧನೆ ನಡೆಸಿದವನು ತನ್ನ ಪ್ರೌಢಪ್ರಬಂಧವನ್ನು ಒಪ್ಪಿಸುವ ದಿನ ಸಮೀಪಿಸಿದಾಗ, ಅವನ ಮನಸ್ಸನ್ನೆಲ್ಲ ತುಂಬಿಕೊಳ್ಳುವುದು ಕಾಗದದ ಅಂಚು. ಎಡಗಡೆಯಲ್ಲಿ ಒಂದೂವರೆ ಅಂಗುಲ ಬಿಡಬೇಕು. ಸಾಲಿಗೂ ಸಾಲಿಗೂ ನಡುವೆ ಇಮ್ಮಡಿ ಎಡೆಯಿರಬೇಕು. ಮೊದಲು ತನ್ನ ಘೋಷಣೆ, ಅನಂತರ ಮಾರ್ಗದರ್ಶಕರ ಪ್ರಮಾಣಪತ್ರ, ಅದರ ಹಿಂದೆ ವಿಷಯಾನುಕ್ರಮಣಿಕೆ. ಅಡಿಟಿಪ್ಪಣಿಗಳೆಲ್ಲ ಒಂದೇ ಕ್ರಮದಲ್ಲಿರಬೇಕು. ರಟ್ಟಿನ ಮೇಲೆ ಹೊನ್ನಕ್ಷರವಿರಬೇಕು. ಪ್ರತಿಗಳು ಇಷ್ಟೆಂದರೆ ಇಷ್ಟಿರಬೇಕು. ಇದನ್ನೆಲ್ಲ ಕಂಡ ಮನೆಯವರು, ಇದು ವಿದ್ಯೆಯೋ ಗುಮಾಸ್ತಿಕೆಯೋ ಎಂದು ನಗುವುದುಂಟು. ನಾನೂ ಒಂದು ಕಾಲದಲ್ಲಿ ನಕ್ಕವನೇ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿ ಎಂಬ ನಮ್ಮ ಮೂರು ತಾಲ್ಲೂಕುಗಳಿಗೆ ಸಂಬಂಧಪಟ್ಟ ಕೆಲವು ಸಂಶೋಧನೆಗಳ ಚರಿತ್ರೆಯನ್ನು ನೋಡುತ್ತ ಬಂದ ಮೇಲೆ ಆ ನಗೆ ನನ್ನಲ್ಲಿ ಉಳಿಯಲಿಲ್ಲ. ಅದರಲ್ಲಿ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುತ್ತೇನೆ.

ಗ್ರಂಥ ಬರೆದೊಪ್ಪಿಸಿ ಪದವಿ ಪಡೆಯುವ ಪದ್ಧತಿಯು ನಾವು ಎಣಿಸಿಕೊಂಡಿರುವಷ್ಟು ಹಳೆಯದಲ್ಲ. 1857ರಲ್ಲಿ ಸ್ಥಾಪಿತವಾದ ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾನಿಲಯಗಳು ಲಂಡನ್ನಿನ ಮಾದರಿಯನ್ನನುಸರಿಸಿ ಮುಖ್ಯವಾಗಿ ಪರೀಕ್ಷೆಗಳನ್ನು ನಡೆಸುತ್ತಿದ್ದುವು. ಸಂಶೋಧನಗ್ರಂಥಕ್ಕೆ ಡಾಕ್ಟರ್ ಪದವಿಯನ್ನು ಕೊಡುವ ಕ್ರಮವು ಜರ್ಮನಿಯಲ್ಲಿ ಬಲಿತು, 1861ರಲ್ಲಿ ಯೇಲ್ ವಿದ್ಯಾಪೀಠದ ಮೂಲಕ ಅಮೆರಿಕವನ್ನು ಸೇರಿತು. ಆಕ್ಸ್‌ಫರ್ಡಿನವರು ಅದನ್ನು ಅಂಗೀಕರಿಸಿದ್ದು 1917ರಲ್ಲಿ. ನಮ್ಮ ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟಿದ್ದು 1916ರ ಜುಲೈ ತಿಂಗಳಲ್ಲಿ. ಎಂದರೆ ಆಕ್ಸ್‌ಫರ್ಡಿನ ಡಾಕ್ಟರ್ ಪದವಿಗಿಂತ ಅದು ಒಂದು ವರ್ಷ ಹಿರಿಯದು! ಆದಾಗ್ಯೂ ಅಲ್ಲಿ ಕನ್ನಡ ಎಂ.ಎ. ತರಗತಿ ಪ್ರಾರಂಭವಾಗಲು 1927ರವರೆಗೆ ಕಾಯಬೇಕಾಯಿತು.

ಅದಕ್ಕೂ ಮೊದಲು ಕನ್ನಡದಲ್ಲಿ ಎಂ.ಎ. ಪದವಿ ಪಡೆದವರು ಇಲ್ಲದಿರಲಿಲ್ಲ. ಅವರಲ್ಲಿ ಮೊದಲಿಗರು ನಮ್ಮ ಸೀಮೆಯವರೇ ಆದ ರಾವ್ ಬಹದ್ದೂರ್ ಆರ್. ನರಸಿಂಹಾಚಾರ್ಯರು. ಅವರು 1893ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಿಂದ ಆ ಪದವಿಯನ್ನು ಪಡೆದರು. ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟವು 1907ರಲ್ಲಿಯೂ ಮಿಕ್ಕೆರಡು 1919, 1929ರಲ್ಲಿಯೂ ಹೊರಬಂದುವು. ಅವರು ಅದನ್ನು ಯಾವ ಪದವಿಗಾಗಿಯೂ ಬರೆದದ್ದಲ್ಲ. ಅಂಚು ಎಷ್ಟು ಬಿಡಬೇಕೆಂದು ಅವರಿಗೆ ಯಾರೂ ವಿಧಿಸಲಿಲ್ಲ. ಆದರೂ ಕವಿಯ ಕಾಲಕ್ಕೆ ಆಧಾರವೇನು, ಅವನ ಮಾತು ಯಾವುದು, ತಮ್ಮ ಊಹೆ ಯಾವುದು ಎಂಬುದನ್ನು ಬೇರೆಬೇರೆಯಾಗಿ ತೋರಿಸುವ ಶಿಸ್ತು ಅಲ್ಲಿ ಆಗಲೇ ನೆಲೆಗೊಂಡಿದೆ. ಇಂದಿನ ವಿದ್ಯಾರ್ಥಿಗಳು ನಿಯಮಾವಳಿಯ ಹೊತ್ತಗೆಯನ್ನು ಮುಂದಿಟ್ಟುಕೊಂಡು ಕಲಿಯುವುದೂ ಇದನ್ನೇ.

ಈ ಶಿಸ್ತು ಏತಕ್ಕೆ ಬೇಕೆಂಬುದಕ್ಕೆ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಒಳ್ಳೆಯ ನಿದರ್ಶನ. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಕಾದಿದ ಸಂಗತಿಯೂ, ಆ ಯುದ್ಧದಲ್ಲಿ ಗಂಗ ಬೂತುಗನು ರಾಜಾದಿತ್ಯನನ್ನು ಕೊಂದದ್ದೂ ಅದರಿಂದ ತಿಳಿದುಬರುತ್ತವೆ. ಬೂತುಗನ ಕಡೆಯ ವೀರನಾದ ಮಣಲೇರನು ತನ್ನ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಅದು ಹಂದಿಯೊಡನೆ ಹೋರಾಡಿ, ಎರಡೂ ಸತ್ತುವು. ಆ ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲಿದು, ಕಾಲ ಕ್ರಿ.ಶ. 949–50. ಅದಕ್ಕೆ ಭೂಮಿಯನ್ನೂ ಬಿಟ್ಟು, ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಣ್ಣತಕ್ಕದ್ದಲ್ಲವೆಂದು ಕಟ್ಟು ಮಾಡಿದ್ದಾರೆ. ಹತ್ತನೆಯ ಶತಮಾನದವರಿಗೂ ನಿಯಮಾವಳಿಯೆಂದರೆ ಪ್ರೀತಿಯೇ ಇದ್ದಿತೆಂದು ತೋರುತ್ತದೆ.

ಈ ಶಾಸನವನ್ನು ಉದಾಹರಿಸುವವರು ಹಿಂದಿನಿಂದ ‘ಎಪಿಗ್ರಾಫಿಯ ಕರ್ನಾಟಿಕ, ಮೂರನೆಯ ಸಂಪುಟ, ಮಂಡ್ಯ 41’ ಎಂದು ಅಡಿಟಿಪ್ಪಣಿ ಹಾಕುತ್ತ ಬಂದಿದ್ದಾರೆ. ರೈಸ್ ಸಾಹೇಬರು 1894ರಲ್ಲಿ ಆ ಸಂಪುಟವನ್ನು ಅಚ್ಚು ಮಾಡಿಸಿದಾಗ ಮದ್ದೂರಿನ ಶಾಸನಗಳು ಮಂಡ್ಯ ತಾಲ್ಲೂಕಿನ ಲೆಕ್ಕದಲ್ಲಿ ಸೇರಿದ್ದುವು. ಮಂಡ್ಯ ಜಿಲ್ಲೆಯೇ ಆಗ ಇರಲಿಲ್ಲ, ಅದು ಏರ್ಪಟ್ಟದ್ದು 1939ರಲ್ಲಿ. ಇದನ್ನರಿಯದ ಹುಡುಗನೊಬ್ಬನು ಟಿಪ್ಪಣಿಯನ್ನು ನಂಬಿ ಮಂಡ್ಯ ತಾಲ್ಲೂಕಿನಲ್ಲೆಲ್ಲ ಸುತ್ತಿದರೂ ಕಲ್ಲು ಸಿಕ್ಕುವುದಿಲ್ಲ. ತಿಳಿದು ಆತಕೂರಿಗೇ ಹೋದರೂ ಸಿಕ್ಕುವುದಿಲ್ಲ. ಅದನ್ನು ಬೆಂಗಳೂರಿನ ಸರ್ಕಾರೀ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯವರು ಆ ಮಾಲೆಯನ್ನು ಪರಿಷ್ಕರಿಸಿ, ನಾಗಮಂಗಲ, ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಿಗಾಗಿ ಏಳನೆಯ ಸಂಪುಟವನ್ನು 1979ರಲ್ಲಿ ಹೊರತಂದ ಮೇಲೆ ಇದೇ ಶಾಸನವು ಮದ್ದೂರಿನ ಲೆಕ್ಕಕ್ಕೆ ಬಂದು ಬೇರೊಂದು ಸಂಖ್ಯೆಯನ್ನು ಪಡೆಯಿತು. ಆದುದರಿಂದ ಪ್ರೌಢಪ್ರಬಂಧ ಬರೆಯುವವನು ಯಾವ ಆವೃತ್ತಿಯೆಂಬುದನ್ನು ಹೇಳದೆ ಬರಿಯ ಸಂಖ್ಯೆಯನ್ನು ಕೊಟ್ಟರೆ, ಓದುವವನಿಗೆ ಮನೆಯ ನಂಬರು ಕೊಟ್ಟು ಬೀದಿಯ ಹೆಸರನ್ನು ಬಚ್ಚಿಟ್ಟಂತಾಗುತ್ತದೆ. ಎಂ. ಚಿದಾನಂದಮೂರ್ತಿಯವರು ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವೆಂಬ ತಮ್ಮ ಮಹಾಪ್ರಬಂಧವನ್ನು ಕನ್ನಡದಲ್ಲಿಯೇ ಬರೆದರು, 1966ರಲ್ಲಿ ಅದು ಪುಸ್ತಕವಾಯಿತು. ಅದರ ಪುಟಗಳ ಅಡಿಯಲ್ಲಿರುವ ಸಂಕ್ಷೇಪಾಕ್ಷರಗಳ ಸಾಲನ್ನು ಬೇಸರದಿಂದ ದಾಟಿಹೋಗುವವರು, ಒಂದೊಂದು ಸಂಕ್ಷೇಪದ ಹಿಂದೆಯೂ ಎಲ್ಲೋ ಒಂದು ಊರಿನ ಕಲ್ಲು ನಿಂತಿದೆಯೆಂಬುದನ್ನು ನೆನೆಯುವುದು ಒಳ್ಳೆಯದು.

ಮಳವಳ್ಳಿಯ ತೊಡಕು ಬೇರೆ ಬಗೆಯದು. ಕದಂಬರ ಚರಿತ್ರೆಯನ್ನೋದುವವರಿಗೆಲ್ಲ ‘ಮಳವಳ್ಳಿ ಸ್ತಂಭಶಾಸನ’ದ ಹೆಸರು ಪರಿಚಿತ. ಅದು ಪ್ರಾಕೃತ ಭಾಷೆಯದು, ಬಹು ಪ್ರಾಚೀನವಾದದ್ದು. ನಮ್ಮ ತಾಲ್ಲೂಕಿನ ಅಭಿಮಾನಿಗಳು ಅದನ್ನು ತಮ್ಮದೆಂದು ಹೇಳಿಕೊಂಡದ್ದನ್ನು ನಾನೇ ಒಂದೆರಡು ಭಾಷಣಗಳಲ್ಲಿ ಕೇಳಿದ್ದೇನೆ. ಆ ಮಳವಳ್ಳಿಯಾದರೋ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನದು. ಟಿಪ್ಪಣಿಯಲ್ಲಿ ತಾಲ್ಲೂಕಿನ ಹೆಸರು ಒಂದು ಪದ ಹೆಚ್ಚಾಗಿದ್ದರೆ ಈ ಸಂಭ್ರಮಕ್ಕೆ ಎಡೆಯಿರುತ್ತಿರಲಿಲ್ಲ.

ಇನ್ನು ಪ್ರತಿಗಳ ಸಂಖ್ಯೆಯ ವಿಚಾರ. ಒಂದೇ ಗ್ರಂಥವನ್ನು ನಾಲ್ಕೈದು ಸಲ ಕಟ್ಟಿಸಿ, ಪರೀಕ್ಷಕರಿಗೆ, ವಿಭಾಗಕ್ಕೆ, ಪುಸ್ತಕಭಂಡಾರಕ್ಕೆ ಬೇರೆಬೇರೆಯಾಗಿ ಕಳುಹಿಸುವುದು ದುಂದುವೆಚ್ಚವೆಂದು ಬಡ ವಿದ್ಯಾರ್ಥಿಗೆ ತೋರುವುದು ಸಹಜ. ಇದಕ್ಕೆ ಉತ್ತರ ಪ್ರೊಫೆಸರ್ ಎಂ.ಎನ್. ಶ್ರೀನಿವಾಸರ ಅನುಭವದಲ್ಲಿದೆ. ಮೈಸೂರಿನ ವಿವಾಹ ಮತ್ತು ಕುಟುಂಬಗಳನ್ನು ಕುರಿತು ಬೊಂಬಾಯಿಯಲ್ಲಿ ಘುರ್ಯೆಯವರ ಶಿಷ್ಯರಾಗಿ ಅವರು ಬರೆದ ಸ್ನಾತಕೋತ್ತರ ಪ್ರಬಂಧವು 1942ರಲ್ಲಿ ಪುಸ್ತಕವಾಯಿತು. ಅನಂತರ ಕೊಡವರನ್ನು ಕುರಿತು ಎರಡು ಸಂಪುಟಗಳ, ಸುಮಾರು 900 ಪುಟಗಳ ಮಹಾಪ್ರಬಂಧವನ್ನು 1944ರಲ್ಲಿ ಅಲ್ಲಿಯೇ ಒಪ್ಪಿಸಿದರು. ಆ ಸಾಮಗ್ರಿಯನ್ನೇ ಆಕ್ಸ್‌ಫರ್ಡಿನಲ್ಲಿ ಹೊಸ ದೃಷ್ಟಿಯಿಂದ ತಿದ್ದಿ ಬರೆದು 1947ರಲ್ಲಿ ಮತ್ತೊಂದು ಡಾಕ್ಟರ್ ಪದವಿಯನ್ನು ಪಡೆದರು. 1948ರಲ್ಲಿ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕೊಡಗಹಳ್ಳಿಗೆ ಹೋಗಿ ನೆಲಸಿ ಟಿಪ್ಪಣಿಗಳನ್ನು ಮಾಡಿಕೊಂಡರು. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರಿದ್ದ ಅಧ್ಯಯನ ಕೇಂದ್ರಕ್ಕೆ ಯಾರೋ ಬೆಂಕಿಯಿಟ್ಟರು. ಹಲವು ವರ್ಷಗಳಿಂದ ಸಂಸ್ಕರಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳಿಗೆ ಮೂರು ಪ್ರತಿಗಳಿದ್ದುವು. ಮೂರೂ ಅದೇ ಕೊಠಡಿಯಲ್ಲಿದ್ದುವು. ಅವರು ನೆನಪಿನ ಬಲದಿಂದ ಆ ಹಳ್ಳಿಯ ಚಿತ್ರವನ್ನು ಬರೆದು 1976ರಲ್ಲಿ ಪ್ರಕಟಿಸಿದ್ದು ಪ್ರಸಿದ್ಧವಾದ ಕಥೆ. ಎಲ್ಲರಿಗೂ ಅಂಥ ನೆನಪಿರುವುದಿಲ್ಲ.

ನಮ್ಮ ಮಂಡ್ಯದ ಹಳ್ಳಿಗಳು ಹೀಗೆಯೇ ದೂರದ ವಿಶ್ವವಿದ್ಯಾನಿಲಯವೊಂದರ ಮಹಾಪ್ರಬಂಧದಲ್ಲಿ ಸೇರಿವೆ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿಯು 1922ರಲ್ಲಿ ವಿಯೆನ್ನದಲ್ಲಿ ಹುಟ್ಟಿದವರು. ಯೆಹೂದ್ಯರಾದ ಕಾರಣ ನಾಜಿಗಳ ಕಾಲದಲ್ಲಿ ತಾಯ್ನಾಡನ್ನು ಬಿಟ್ಟು ಇಂಗ್ಲೆಂಡನ್ನು ಸೇರಿದವರು. ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿಯಾಗಿ 1954ರಲ್ಲಿ ಮಂಡ್ಯಕ್ಕೆ ಬಂದು, ಸುಮಾರು ಎರಡು ವರ್ಷ ಇಲ್ಲಿ ನಿಂತು, ಎರಡು ಹಳ್ಳಿಗಳನ್ನು ಹೋಲಿಸಿ ಅಧ್ಯಯನ ಮಾಡಿದರು. ಒಂದಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂದಿದ್ದಿತು. ಮತ್ತೊಂದರ ನೆಲ ನಾಲೆಗಿಂತ ಎತ್ತರದಲ್ಲಿದ್ದುದರಿಂದ ನೀರು ಹತ್ತಲಿಲ್ಲ. 1930ರ ದಶಕದಲ್ಲಿ ಸಕ್ಕರೆ ಕಾರ್ಖಾನೆ ಏರ್ಪಟ್ಟು ಕಬ್ಬಿನಿಂದ ಹಣ ಹರಿಯತೊಡಗಿದ ಸೀಮೆಯಿದು. ನೀರು ಬಂದ ಊರೇ ಹೆಚ್ಚು ಬದಲಾಗಿರಬೇಕೆಂದು ಯಾರಾದರೂ ಊಹಿಸುವರು. ಆಕೆ ಕಂಡದ್ದು ಬೇರೆ. ನೀರಾವರಿಯ ಊರಿನಲ್ಲಿ ಒಕ್ಕಲಿಗರು ಸಂಪತ್ತನ್ನು ಗಳಿಸಿಯೂ ಬೇಸಾಯದಲ್ಲಿಯೇ ನಿಂತರು. ಒಡೆಯನ ಮನೆಗೂ ದಲಿತ ಕೂಲಿಯಾಳಿನ ಮನೆಗೂ ತಲೆಮಾರಿನಿಂದ ಬಂದ ಸಂಬಂಧ ಹಾಗೆಯೇ ಉಳಿಯಿತು. ನೀರಿಲ್ಲದ ಊರಿನವರು ಮಂಡ್ಯದ ಕೆಲಸಗಳಿಗೆ, ವ್ಯಾಪಾರಕ್ಕೆ, ಸಾಗಾಣಿಕೆಗೆ ಕೈಹಾಕಿದರು, ನೆರೆಯ ಊರುಗಳಲ್ಲಿ ಗದ್ದೆ ಕೊಂಡರು. ಹಳೆಯ ಕಟ್ಟುಗಳು ಸಡಲಿದ್ದು ಅಲ್ಲಿಯೇ. 1962ರಲ್ಲಿ ಪುಸ್ತಕರೂಪದಲ್ಲಿ ಬಂದ ಈ ಮಾತು ಅರ್ಥಶಾಸ್ತ್ರಜ್ಞರಲ್ಲಿಯೂ ಸಮಾಜಶಾಸ್ತ್ರಜ್ಞರಲ್ಲಿಯೂ ಬಹಳ ಚರ್ಚೆಗೆ ಬಂದಿತು.

ಆದರೆ ಆ ಗ್ರಂಥವನ್ನು ಹಿಡಿದು ಊರನ್ನು ಹುಡುಕಲು ಹೊರಟರೆ ಭೂಪಟದಲ್ಲಿ ‘ವಂಗಲ’ವೂ ಇಲ್ಲ, ‘ದಲೇನ’ವೂ ಇಲ್ಲ. ಮನಬಿಚ್ಚಿ ಮಾತನಾಡಿದ ಜನರಿಗೆ ತೊಂದರೆಯಾಗದಿರಲೆಂದು ಊರಿನ ಹೆಸರನ್ನು ಮರೆಮಾಡುವುದು ಆ ಶಾಸ್ತ್ರದ ಸಂಪ್ರದಾಯ. ಶ್ರೀನಿವಾಸರ ಕೊಡಗಹಳ್ಳಿಯೂ ಹಾಗೆಯೇ ‘ರಾಂಪುರ’ವಾಯಿತು. ಸಂಪ್ರದಾಯವು ನ್ಯಾಯವಾದದ್ದೇ. ಸಾಲ ಎಷ್ಟು, ಜಗಳ ಯಾರೊಡನೆ, ಯಾರ ಮನೆಯಲ್ಲಿ ಯಾರು ಜೀತಕ್ಕಿದ್ದರು ಎಂಬುದನ್ನೆಲ್ಲ ಹೆಸರು ಸಹಿತ ಅಚ್ಚು ಮಾಡಿದರೆ ಊರಿನಲ್ಲಿ ನೆಮ್ಮದಿಯಿರುವುದೆ? ಆದರೂ ಆತಕೂರಿನ ಕಲ್ಲಿಗೆ ಸಲ್ಲುವ ನಿಯಮ ಇಲ್ಲಿ ತಲೆಕೆಳಗಾಗುತ್ತದೆಂಬುದನ್ನು ಗಮನಿಸಬೇಕು. ಸತ್ತವರ ವಿಷಯದಲ್ಲಿ ಸ್ಥಳವನ್ನು ಸ್ಪಷ್ಟವಾಗಿ ಹೇಳಬೇಕು, ಬದುಕಿರುವವರ ವಿಷಯದಲ್ಲಿ ಅದನ್ನು ಮುಚ್ಚಬೇಕು. ಎರಡರ ನಡುವೆ ಗೆರೆಯನ್ನೆಳೆಯುವುದು ಬರೆಯುವವನ ವಿವೇಕಕ್ಕೆ ಬಿಟ್ಟದ್ದು. ಆಕೆ ಮಾತ್ರ ದಾರಿಯನ್ನು ಮರೆಯಲಿಲ್ಲ. 1970ರಲ್ಲಿ ಮತ್ತೆ ಬಂದು ಅದೇ ಊರುಗಳನ್ನು ನೋಡಿ 1973ರಲ್ಲಿ ಎರಡನೆಯ ಗ್ರಂಥವನ್ನು ಬರೆದರು. 1998ರಲ್ಲಿ ಬಂದ ಮತ್ತೊಂದು ಪುಸ್ತಕದ ಮುಖಪುಟದಲ್ಲಿ, ಮೊದಲಿಂದ ಅವರಿಗೆ ಸಹಾಯಕರಾಗಿದ್ದ ಎ.ಪಿ. ಸೂರ್ಯನಾರಾಯಣರ ಹೆಸರೂ ಟಿ. ತಿಮ್ಮೇಗೌಡರ ಹೆಸರೂ ಆಕೆಯ ಹೆಸರಿನೊಡನೆ ಸೇರಿವೆ. ಸಾಮಾನ್ಯವಾಗಿ ಸಹಾಯಕನ ಹೆಸರು ಕೃತಜ್ಞತೆಯ ಪುಟವನ್ನು ದಾಟುವುದಿಲ್ಲ.

ನನ್ನ ಸ್ವಂತ ಅನುಭವವೊಂದನ್ನು ಇಲ್ಲಿ ಹೇಳಬಹುದು. ಮಳವಳ್ಳಿ ತಾಲ್ಲೂಕಿನ ಕೆರೆಗಳ ಮತ್ತು ಹೊಲಗಳ ಹೆಸರುಗಳನ್ನು ಕುರಿತು ನಾನು ಸ್ನಾತಕೋತ್ತರ ಪದವಿಗಾಗಿ ಒಂದು ಸಣ್ಣ ಪ್ರಬಂಧವನ್ನು ಬರೆದೆ. ಕನ್ನಡದ ಬೆರಳಚ್ಚು ಯಂತ್ರದಲ್ಲಿ ಇಂಗಾಲದ ಕಾಗದವಿಟ್ಟು ಐದು ಪ್ರತಿ ತೆಗೆಸಿದ್ದಾಯಿತು. ಕಾಗದ ಉಳಿಯಲೆಂದು ಎಡಗಡೆಯಲ್ಲಿ ಮುಕ್ಕಾಲಂಗುಲ ಮಾತ್ರ ಬಿಡಿಸಿದೆ. ರಟ್ಟು ಕಟ್ಟುವವನು ಹೊಲಿಗೆ ಹಾಕಿದ ಮೇಲೆ ಪ್ರತಿ ಸಾಲಿನ ಮೊದಲಕ್ಷರ ಮಡಿಕೆಯೊಳಗೆ ಸೇರಿಹೋಯಿತು, ‘ಹೆಗ್ಗೆರೆ’ ‘ಗ್ಗೆರೆ’ಯಾಯಿತು. ಐದನೆಯ ಪ್ರತಿಯಲ್ಲಿ ಒತ್ತಕ್ಷರಗಳೂ ಮಾಸಿ ‘ಗೆರೆ’ ಮಾತ್ರ ಉಳಿಯಿತು. ಹೆಸರುಗಳೇ ವಿಷಯವಾದ ಪ್ರಬಂಧದಲ್ಲಿ ಹೆಸರುಗಳೇ ಇಲ್ಲ! ಕಚೇರಿಯವರು ಹಿಂದಿರುಗಿಸಿದರು. ಆಗ ಅವರ ಮೇಲೆ ಕೋಪಿಸಿಕೊಂಡೆ. ಈಗ ಅವರ ಪಕ್ಷವಾಗಿದ್ದೇನೆ.

ಯಂತ್ರಗಳು ಬದಲಾದರೂ ಈ ತೊಂದರೆ ತೀರಲಿಲ್ಲ. ಗಣಕಯಂತ್ರ ಬಂದ ಮೇಲೆ ‘ನುಡಿ’ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಮಾದರಿಗಳಲ್ಲಿ ಎಷ್ಟೋ ಪ್ರಬಂಧಗಳು ಸಿದ್ಧವಾದುವು. ಆ ಅಕ್ಷರಮಾದರಿಯಿಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಲಸಿಕೊಂಡು ಕಾಣುತ್ತವೆ. ಕಣ್ಣಿಗೆ ಕನ್ನಡವಾಗಿ ಕಂಡರೂ, ‘ಆತಕೂರು’ ಎಂದು ಹುಡುಕಿದರೆ ಯಂತ್ರವು ಇಲ್ಲವೆನ್ನುತ್ತದೆ. ಯೂನಿಕೋಡ್ ಕ್ರಮದಲ್ಲಿ ಬರೆದರೆ ಈ ಬಾಧೆಯಿಲ್ಲ. ಹಿಂದೆ ಅಂಚನ್ನು ಬಿಡುವುದು ಹೇಗೋ, ಇಂದು ಇದು ಹಾಗೆ.

2009ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದವರು ಡಾಕ್ಟರ್ ಪದವಿಯ ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಒಪ್ಪಿಸಬೇಕೆಂದು ನಿಯಮ ಮಾಡಿದರು. ಅವು ‘ಶೋಧಗಂಗಾ’ ಎಂಬ ಭಂಡಾರವನ್ನು ಸೇರುತ್ತ ಬಂದಿವೆ. 2019ರಲ್ಲಿ ಮಂಡ್ಯದ ಹೆಸರಿನಲ್ಲಿಯೇ ಒಂದು ವಿಶ್ವವಿದ್ಯಾನಿಲಯವೂ ಏರ್ಪಟ್ಟಿತು. ಇವೆರಡೂ ಸಂತೋಷದ ಸಂಗತಿಗಳು. ಆದರೆ ಹಳೆಯ ಕಾಲದ ಬೆರಳಚ್ಚು ಪ್ರಬಂಧಗಳು, ವಿಶೇಷವಾಗಿ ಸ್ನಾತಕೋತ್ತರ ತರಗತಿಗಳ ಸಣ್ಣ ಪ್ರಬಂಧಗಳು, ಈ ನಿಯಮದ ಹೊರಗೆ ಉಳಿದಿವೆ. ಅವುಗಳಲ್ಲಿ ನಮ್ಮ ಊರುಗಳ ಜಾತ್ರೆ, ಹೊಲದ ಹೆಸರು, ಒಕ್ಕಲಿನ ಮಾತು ಎಷ್ಟೋ ಸೇರಿವೆ. ಹೇಳಿದ ಮುದುಕರು ಈಗಿಲ್ಲ. ಅಂಥ ಪ್ರಬಂಧ ಬರೆದವರು ತಮ್ಮ ಮನೆಯ ಅಟ್ಟದಲ್ಲಿರುವ ಪ್ರತಿಯನ್ನು ಹುಡುಕಿ ತೆಗೆದು, ವಿಷಯವಾದ ಊರಿನ ಶಾಲೆಗೋ ತಾಲ್ಲೂಕಿನ ಪುಸ್ತಕಭಂಡಾರಕ್ಕೋ ಒಂದನ್ನು ಕೊಡಬಾರದೆ ಎಂಬುದು ನನ್ನ ವಿಜ್ಞಾಪನೆ.

ನಾನು ಎರಡನೆಯ ಸಲ, ಒಂದೂವರೆ ಅಂಗುಲ ಬಿಟ್ಟು, ಎಲ್ಲವನ್ನೂ ಹೊಸದಾಗಿ ಬೆರಳಚ್ಚು ಮಾಡಿಸಿ ಒಪ್ಪಿಸಿದೆ. ತಿರಸ್ಕೃತವಾದ ಪ್ರತಿಗಳಲ್ಲಿ ಐದನೆಯದನ್ನು ಹೊಲಿಗೆ ಬಿಚ್ಚಿಸಿ, ಮಾಸಿದ ಅಕ್ಷರಗಳನ್ನು ಮಸಿಯಿಂದ ತಿದ್ದಿ, ನನಗೆ ಹೆಚ್ಚು ಹೆಸರುಗಳನ್ನು ಹೇಳಿಕೊಟ್ಟ ಹಳ್ಳಿಯ ಶಾಲೆಗೆ ಕೊಟ್ಟುಬಂದೆ. ಅದನ್ನು ತಿದ್ದಲು ನನಗೆ ಹನ್ನೊಂದು ದಿನ ಹಿಡಿಯಿತು.